ಜ್ವರ ಇಳಿಯಿತು, ಕಾಲು ಏಕೆ ಏಳುತ್ತಿಲ್ಲ?

ಚಿಕೂನ್‌ಗುನ್ಯಾ ಎಂದ ಕೂಡಲೇ ನಮ್ಮ ಭಾಗದ ಜನರಿಗೆ ನೆನಪಾಗುವುದು ಕೀಲುನೋವು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ಹಿರಿಯರನ್ನು ಮಾತಿಗೆಳೆದರೆ 2006ರ ಆ ದಿನಗಳು ತಾವಾಗಿಯೇ ಹೊರಬರುತ್ತವೆ. ಗೋಡೆ ಹಿಡಿದು ನಡೆದದ್ದು, ಕೊಡ ಎತ್ತಲಾಗದೆ ಸೊಸೆಯಂದಿರು ಅತ್ತದ್ದು, ನಮಾಝಿಗೆ ಕುಳಿತವರು ಏಳಲಾರದೆ ಪಕ್ಕದವರ ಭುಜ ಹಿಡಿದದ್ದು. ಹೇಳಿ ಮುಗಿಸುವಾಗ ಎಲ್ಲರೂ ಒಂದು ಮಾತು ಸೇರಿಸುತ್ತಾರೆ: "ನೋವು ಕೊಡುವ ಬೇನೆ ಅದು, ಜೀವ ತೆಗೆಯುವ ಬೇನೆಯಲ್ಲ."

ಈ ಮಾತು ಬಹುಮಟ್ಟಿಗೆ ನಿಜ. ಆದರೆ ಪೂರ್ತಿ ನಿಜವಲ್ಲ. ಉಳಿದ ಆ ಸ್ವಲ್ಪ ಭಾಗದಲ್ಲಿ ಕೆಲವರ ಜೀವ, ಕೆಲವರ ನಡಿಗೆ, ಕೆಲವು ಮಕ್ಕಳ ಬುದ್ಧಿಶಕ್ತಿ ಅಡಗಿದೆ. ಈ ಸಲ ಅದನ್ನೇ ತಿಳಿಯೋಣ. ಸೊಳ್ಳೆಯಿಂದ ಬರುವ ಈ ವೈರಸ್ ಅಪರೂಪಕ್ಕೆ ಮಿದುಳಿಗೂ ನರಗಳಿಗೂ ತೊಂದರೆ ಕೊಡುತ್ತದೆ. ಆಗ ಮನೆಯವರು ಅದನ್ನು ಕೀಲುನೋವೆಂದೋ, ಜ್ವರದ ಸುಸ್ತೆಂದೋ, ಗಾಳಿ ಸೋಕಿದ್ದೆಂದೋ ತಿಳಿದು ಕಾಯುತ್ತ ಕುಳಿತರೆ ಅಮೂಲ್ಯವಾದ ಗಂಟೆಗಳು ಕಳೆದುಹೋಗುತ್ತವೆ.

ಬಾಗಿಸುವ ಬೇನೆ

ಚಿಕೂನ್‌ಗುನ್ಯಾ ಎಂಬುದು ಆಫ್ರಿಕಾದ ಮಕೊಂಡೆ ಭಾಷೆಯ ಪದ. ನೋವಿನಿಂದ ಬಾಗಿಸಿಬಿಡುವುದು ಎಂಬುದು ಅದರ ಅರ್ಥ. 1952-53ರಲ್ಲಿ ಇಂದಿನ ತಾಂಜಾನಿಯಾದಲ್ಲಿ ಈ ರೋಗವನ್ನು ಮೊದಲು ಗುರುತಿಸಲಾಯಿತು. ನಮ್ಮಲ್ಲಿ ಕೆಲವರು ಇದನ್ನು 'ಚಿಕನ್ ಗುನ್ಯಾ' ಎಂದು ಕರೆದು ಕೋಳಿ ಮಾಂಸವನ್ನೇ ಬಿಟ್ಟದ್ದುಂಟು. ಪಾಪ, ಕೋಳಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಭಾರತದಲ್ಲಿ ಇದು 1963ರಲ್ಲಿ ಕಲ್ಕತ್ತಾದಲ್ಲಿ ಕಾಣಿಸಿಕೊಂಡಿತು. ಬಳಿಕ ಮದ್ರಾಸ್, ವೆಲ್ಲೂರು, ನಾಗಪುರಗಳಿಗೆ ಬಂತು. 1973ರಲ್ಲಿ ನಮ್ಮ ನೆರೆಯ ಸೋಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಹರಡಿತು. ಆಮೇಲೆ ಸುಮಾರು 32 ವರ್ಷ ದೇಶದಲ್ಲಿ ಇದರ ದೊಡ್ಡ ಸುದ್ದಿಯೇ ಇರಲಿಲ್ಲ. ಅಷ್ಟು ಕಾಲದಲ್ಲಿ ಹುಟ್ಟಿ ಬೆಳೆದವರ ರಕ್ತದಲ್ಲಿ ಈ ವೈರಸ್ಸನ್ನು ಎದುರಿಸುವ ಶಕ್ತಿ ಇರಲಿಲ್ಲ. ಅಂಥ ಹೊತ್ತಿನಲ್ಲಿ, 2005ರ ಕೊನೆಯಲ್ಲಿ, ಆಫ್ರಿಕಾ ಮೂಲದ ಬೇರೊಂದು ತಳಿಯ ವೈರಸ್ ಆಂಧ್ರ, ಕರ್ನಾಟಕ, ಮಹಾರಾಷ್ಟ್ರಗಳಿಗೆ ನುಗ್ಗಿತು. ಕರ್ನಾಟಕದಲ್ಲಿ ಮೊದಲು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಆಗಿನ ಗುಲ್ಬರ್ಗಾ, ಅಂದರೆ ಇಂದಿನ ಕಲಬುರಗಿಯೂ ಒಂದು. 2006ರಲ್ಲಿ ದೇಶದಲ್ಲಿ ಸುಮಾರು 13.9 ಲಕ್ಷ ಶಂಕಿತ ರೋಗಿಗಳು ದಾಖಲಾದರು. ಅವರಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ಮಂದಿ ಕರ್ನಾಟಕದವರು. ಅರ್ಧಕ್ಕಿಂತ ಹೆಚ್ಚು ಹೊರೆಯನ್ನು ನಮ್ಮ ರಾಜ್ಯವೊಂದೇ ಹೊತ್ತಿತ್ತು.

ಆ ವರ್ಷ ಸರಕಾರದ ಲೆಕ್ಕದಲ್ಲಿ ಈ ರೋಗದಿಂದ ನೇರವಾಗಿ ಸತ್ತವರು ಯಾರೂ ಇಲ್ಲ. ಜನರ ನಂಬಿಕೆಗೆ ಇದೂ ಬಲ ಕೊಟ್ಟಿತು. ಆದರೆ ಅಹಮದಾಬಾದ್ ನಗರದ ಜನನ ಮರಣ ದಾಖಲೆಗಳನ್ನು ಪರಿಶೀಲಿಸಿದ ಸಂಶೋಧಕರು ಬೇರೆಯೇ ಚಿತ್ರ ಕೊಟ್ಟರು. ರೋಗ ಹರಡಿದ್ದ 2006ರ ಆಗಸ್ಟ್‌ನಿಂದ ನವೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಅಲ್ಲಿ ಹಿಂದಿನ ವರ್ಷಗಳ ಸರಾಸರಿಗಿಂತ 2,944 ಸಾವುಗಳು ಹೆಚ್ಚಾಗಿದ್ದವು. ಅವೆಲ್ಲವೂ ಚಿಕೂನ್‌ಗುನ್ಯಾದವೇ ಎಂದು ಹೇಳಲಾಗದು. ಆದರೆ ಜೀವಕ್ಕೆ ಅಪಾಯವೇ ಇಲ್ಲ ಎಂಬ ಮಾತನ್ನು ಇದು ಅಲ್ಲಾಡಿಸುತ್ತದೆ.

ನರಗಳಿಗೆ ಏನಾಗುತ್ತದೆ?

ಸೊಳ್ಳೆ ಕಚ್ಚಿದ ಸುಮಾರು 3ರಿಂದ 7 ದಿನಗಳಲ್ಲಿ ಜ್ವರ ಬರುತ್ತದೆ. ಜೊತೆಗೆ ಕೀಲುನೋವು, ತಲೆನೋವು, ಮೈಮೇಲೆ ಕೆಂಪು ಗುಳ್ಳೆ. ಹೆಚ್ಚಿನವರಿಗೆ ವಾರದೊಳಗೆ ಜ್ವರ ಬಿಡುತ್ತದೆ, ಕೀಲುನೋವು ಮಾತ್ರ ತಿಂಗಳುಗಟ್ಟಲೆ ಕಾಡುತ್ತದೆ. ಕೆಲವೇ ಕೆಲವರಲ್ಲಿ ನರಮಂಡಲಕ್ಕೆ ಎರಡು ಬಗೆಯಲ್ಲಿ ತೊಂದರೆಯಾಗುತ್ತದೆ.

ಒಂದು, ಜ್ವರ ಇರುವಾಗಲೇ ಅಥವಾ ಅದು ಬಿಡುವ ಹೊತ್ತಿಗೆ ಮಿದುಳಿಗೆ ಬಾವು ಬರುವುದು. ಇದನ್ನು ಮಿದುಳು ಜ್ವರ ಎನ್ನುತ್ತೇವೆ. ರೋಗಿ ಮಂಕಾಗುತ್ತಾನೆ, ಏನೇನೋ ಮಾತನಾಡುತ್ತಾನೆ, ಫಿಟ್ಸ್ ಬರಬಹುದು, ಎಚ್ಚರ ತಪ್ಪಬಹುದು.

ಎರಡು, ಜ್ವರ ಬಿಟ್ಟು ಕೆಲವು ದಿನ ಅಥವಾ ಕೆಲವು ವಾರಗಳಾದ ಮೇಲೆ ಬರುವ ತೊಂದರೆ. ವೈರಸ್ಸಿನೊಡನೆ ಹೋರಾಡಲೆಂದು ದೇಹ ಸಜ್ಜುಗೊಳಿಸಿದ ರಕ್ಷಣಾ ಪಡೆ ದಾರಿ ತಪ್ಪಿ ತನ್ನದೇ ನರಗಳ ಮೇಲೆ ಬೀಳುತ್ತದೆ. ಪಾದಗಳಲ್ಲಿ ಜೋಮು, ಆಮೇಲೆ ಕಾಲಿನ ಶಕ್ತಿ ಕುಂದುವುದು, ಅದು ಮೇಲೇರಿ ತೊಡೆ, ಕೈ, ಮುಖ, ಕೊನೆಗೆ ಉಸಿರಾಟದ ಸ್ನಾಯುಗಳವರೆಗೂ ಬರಬಹುದು. ವೈದ್ಯರು ಇದನ್ನು ಗೀಲನ್ ಬಾರೆ ಸಿಂಡ್ರೋಮ್ ಎನ್ನುತ್ತಾರೆ. ಕೆಲವರಲ್ಲಿ ಬೆನ್ನುಹುರಿಗೆ ಬಾವು ಬಂದು ಸೊಂಟದ ಕೆಳಗೆ ಸ್ಪರ್ಶ ತಿಳಿಯದಾಗುತ್ತದೆ, ಮೂತ್ರ ಕಟ್ಟಿಕೊಳ್ಳುತ್ತದೆ. ಕಣ್ಣಿನ ನರಕ್ಕೆ ತೊಂದರೆಯಾಗಿ ದೃಷ್ಟಿ ಮಂಜಾಗುವುದೂ ಉಂಟು.

ಇದೆಲ್ಲ ದೂರದ ದೇಶದ ಕಥೆಯಲ್ಲ. 2006ರಲ್ಲಿ ನಾಗಪುರದ ಆಸ್ಪತ್ರೆಯೊಂದರ ವೈದ್ಯರು ಪರೀಕ್ಷಿಸಿದ 300 ಚಿಕೂನ್‌ಗುನ್ಯಾ ರೋಗಿಗಳಲ್ಲಿ 49 ಮಂದಿಗೆ ನರಸಂಬಂಧಿ ತೊಂದರೆ ಕಂಡುಬಂತು. ಅವರಲ್ಲಿ 27 ಮಂದಿಗೆ ಮಿದುಳು ಜ್ವರ. ಇದು ದೊಡ್ಡ ಆಸ್ಪತ್ರೆಯ ಲೆಕ್ಕ, ಕಾಯಿಲೆ ಜೋರಾದವರೇ ಅಲ್ಲಿಗೆ ಹೋಗುತ್ತಾರೆ ಎಂಬುದನ್ನು ಮರೆಯಬಾರದು. ಇನ್ನೂ ಹತ್ತಿರದ ಉದಾಹರಣೆ ನಮ್ಮ ಬಳ್ಳಾರಿಯದು. ಮಿದುಳಿನ ಸೋಂಕಿನ ಸಂಶಯದಲ್ಲಿ ಅಲ್ಲಿ ಚಿಕಿತ್ಸೆಗೆ ಬಂದಿದ್ದ 58 ಮಕ್ಕಳನ್ನು ಪರೀಕ್ಷಿಸಿದಾಗ 8 ಮಕ್ಕಳ ರಕ್ತದಲ್ಲಿ ಚಿಕೂನ್‌ಗುನ್ಯಾ ವೈರಸ್ ಸಿಕ್ಕಿತು. ಮೂರು ಮಕ್ಕಳಲ್ಲಿ ಮಿದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ನೀರಿನಲ್ಲಿಯೇ ಅದು ಪತ್ತೆಯಾಯಿತು. 2009ರಲ್ಲಿ ಪ್ರಕಟವಾದ ಈ ವರದಿ ಹೇಳುವುದಿಷ್ಟು: ಮಗುವಿಗೆ ಜ್ವರದೊಂದಿಗೆ ಫಿಟ್ಸ್ ಬಂದರೆ ಈ ವೈರಸ್ಸನ್ನೂ ಸಂಶಯಿಸಬೇಕು.

ಯಾರಿಗೆ ಹೆಚ್ಚು ಅಪಾಯ?

ಹಿಂದೂ ಮಹಾಸಾಗರದಲ್ಲಿ ರಿಯೂನಿಯನ್ ಎಂಬ ಪುಟ್ಟ ದ್ವೀಪವಿದೆ. 2005-06ರಲ್ಲಿ ಅಲ್ಲಿನ ಜನರಲ್ಲಿ ಮೂರರಲ್ಲೊಂದು ಪಾಲು ಮಂದಿಗೆ ಈ ರೋಗ ತಗುಲಿತು. ಅಲ್ಲಿಯ ವೈದ್ಯರು ಲೆಕ್ಕ ಹಾಕಿದಾಗ ಇಡೀ ಜನಸಂಖ್ಯೆಯಲ್ಲಿ ಲಕ್ಷಕ್ಕೆ ಸುಮಾರು 9 ಮಂದಿಗೆ ಮಿದುಳು ಜ್ವರ ಬಂದಿತ್ತು. ಆದರೆ ಒಂದು ವರ್ಷದೊಳಗಿನ ಕೂಸುಗಳಲ್ಲಿ ಅದು ಲಕ್ಷಕ್ಕೆ 187, ಅರುವತ್ತೈದು ದಾಟಿದವರಲ್ಲಿ 37. ಹಾಗೆ ಮಿದುಳು ಜ್ವರ ಬಂದವರಲ್ಲಿ ಆರರಲ್ಲೊಬ್ಬರು ಉಳಿಯಲಿಲ್ಲ. ಮನೆಯ ಅತಿ ಚಿಕ್ಕವರು ಮತ್ತು ಅತಿ ಹಿರಿಯರು, ಅಂದರೆ ತೊಟ್ಟಿಲಿನಲ್ಲಿರುವ ಮಗು ಮತ್ತು ಮಂಚದ ಮೇಲಿನ ದಾದಿ, ಇವರೇ ಹೆಚ್ಚು ಅಪಾಯದಲ್ಲಿರುವವರು. ತಮಗೆ ಏನಾಗುತ್ತಿದೆ ಎಂದು ಸರಿಯಾಗಿ ಹೇಳಲಾರದವರೂ ಇವರೇ.

ಗರ್ಭಿಣಿಯರ ವಿಷಯದಲ್ಲಿ ಇನ್ನೊಂದು ಪಾಠವೂ ಆ ದ್ವೀಪದಿಂದ ಬಂತು. ಹೆರಿಗೆಯ ಹೊತ್ತಿನಲ್ಲಿ ತಾಯಿಯ ರಕ್ತದಲ್ಲಿ ವೈರಸ್ ಇದ್ದಾಗ ಸುಮಾರು ಅರ್ಧದಷ್ಟು ಶಿಶುಗಳಿಗೆ ಸೋಂಕು ದಾಟಿತು. ಆ ಶಿಶುಗಳು ಹುಟ್ಟಿದಾಗ ಚೆನ್ನಾಗಿಯೇ ಇದ್ದು, ಕೆಲವು ದಿನಗಳ ನಂತರ ಕಾಯಿಲೆ ಬೀಳುತ್ತವೆ. ಆದ್ದರಿಂದ ತುಂಬು ಗರ್ಭಿಣಿಗೆ ಜ್ವರ, ಕೀಲುನೋವು ಬಂದರೆ ಹೆರಿಗೆ ಆಸ್ಪತ್ರೆಯಲ್ಲಿಯೇ ಆಗಬೇಕು. ಜ್ವರದ ವಿಷಯ ವೈದ್ಯರಿಗೆ ತಿಳಿಸಬೇಕು. ಮಗುವನ್ನು ಮೊದಲ ವಾರ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಮೊಲೆಹಾಲು ನಿಲ್ಲಿಸುವ ಅಗತ್ಯವಿಲ್ಲ.

ನೋವೋ, ನಿಶ್ಶಕ್ತಿಯೋ?

"ಕಾಲು ಎತ್ತಲಾಗುತ್ತಿಲ್ಲ" ಎಂದು ರೋಗಿ ಹೇಳಿದಾಗ ಮನೆಯವರು ಗೊಂದಲಕ್ಕೆ ಬೀಳುವುದು ಇಲ್ಲಿಯೇ. ಕೀಲುನೋವಿನಿಂದ ಎತ್ತಲಾಗುತ್ತಿಲ್ಲವೋ, ನರದ ಶಕ್ತಿ ಹೋಗಿದೆಯೋ? ಒಂದು ಸರಳ ಪರೀಕ್ಷೆ ಮಾಡಿ. ರೋಗಿಯನ್ನು ಮಲಗಿಸಿ ಪಾದವನ್ನು ತನ್ನ ಮುಖದ ಕಡೆಗೆ ಎಳೆದುಕೊಳ್ಳಲು ಹೇಳಿ. ಆಮೇಲೆ ನಿಮ್ಮ ಅಂಗೈಯನ್ನು ಪಾದದಿಂದ ಒತ್ತಲು ಹೇಳಿ. ನೋವಿದ್ದವರು ನರಳುತ್ತಲಾದರೂ ಒತ್ತುತ್ತಾರೆ. ನರದ ಶಕ್ತಿ ಕುಂದಿದವರಿಗೆ ನೋವು ಇಲ್ಲದಿದ್ದರೂ ಒತ್ತಲಾಗುವುದಿಲ್ಲ, ನಡೆಯುವಾಗ ಚಪ್ಪಲಿ ತಾನಾಗಿ ಕಳಚಿಬೀಳುತ್ತದೆ. ಇದು ವೈದ್ಯರ ಪರೀಕ್ಷೆಗೆ ಬದಲಿಯಲ್ಲ. ಸಂಶಯ ಬಂದರೆ ತಡಮಾಡಬಾರದು ಎಂದು ನೆನಪಿಸಲಿಕ್ಕೆ ಮಾತ್ರ.

ಕೆಳಗಿನ ಯಾವುದೇ ಒಂದು ಲಕ್ಷಣ ಕಂಡರೂ ಬೆಳಗಾಗುವುದನ್ನು ಕಾಯಬೇಡಿ:

- ಫಿಟ್ಸ್ ಬರುವುದು.
- ಎಬ್ಬಿಸಿದರೂ ಸರಿಯಾಗಿ ಏಳದಿರುವುದು, ಮನೆಯವರ ಗುರುತು ಹಿಡಿಯದಿರುವುದು, ಅರ್ಥವಿಲ್ಲದ ಮಾತು.
- ಪಾದದಿಂದ ಮೇಲೇರುವ ಜೋಮು, ಕಾಲುಗಳ ನಿಶ್ಶಕ್ತಿ.
- ಮೂತ್ರ ಕಟ್ಟಿಕೊಳ್ಳುವುದು, ಸೊಂಟದ ಕೆಳಗೆ ಸ್ಪರ್ಶ ತಿಳಿಯದಿರುವುದು.
- ಬಾಯಿ ಒಂದು ಕಡೆ ಎಳೆಯುವುದು, ನುಂಗಲು ಅಥವಾ ಉಸಿರಾಡಲು ಕಷ್ಟ.
- ಇದ್ದಕ್ಕಿದ್ದಂತೆ ಕಣ್ಣು ಮಂಜಾಗುವುದು.
- ಕೂಸು ಹಾಲು ಕುಡಿಯದಿರುವುದು, ಮೈ ಸಡಿಲಬಿಡುವುದು ಅಥವಾ ಸೆಟೆಯುವುದು.

ಫಿಟ್ಸ್ ಬಂದವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಬಾಯಿಗೆ ನೀರು ಹಾಕಬೇಡಿ, ಚಮಚ ತುರುಕಬೇಡಿ. ಈರುಳ್ಳಿ, ಚಪ್ಪಲಿ ಮೂಸಿಸುವುದರಿಂದ, ಕೈಗೆ ಕಬ್ಬಿಣ ಕೊಡುವುದರಿಂದ ಯಾವ ಉಪಯೋಗವೂ ಇಲ್ಲ. ಎಷ್ಟು ಹೊತ್ತು ಬಂತೆಂದು ಗಡಿಯಾರ ನೋಡಿಕೊಳ್ಳಿ, ವೈದ್ಯರು ಅದನ್ನು ಕೇಳುತ್ತಾರೆ.

"ಔಷಧಿಯೇ ಇಲ್ಲವಂತೆ, ಹೋಗಿ ಏನು ಮಾಡುವುದು?"

ಈ ಪ್ರಶ್ನೆ ಕೇಳುವವರಿದ್ದಾರೆ. ಚಿಕೂನ್‌ಗುನ್ಯಾ ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ ಎಂಬುದು ಸರಿ. ಆದರೆ ರೋಗಿಗೆ ಮಾಡಬಹುದಾದದ್ದು ಬಹಳಷ್ಟಿದೆ. ಫಿಟ್ಸ್ ನಿಲ್ಲಿಸಲು ಔಷಧಿ ಇದೆ. ಉಸಿರಾಟ ದುರ್ಬಲವಾದರೆ ಯಂತ್ರದ ನೆರವಿದೆ. ಗೀಲನ್ ಬಾರೆಗೆ ಇಮ್ಯುನೋಗ್ಲೋಬ್ಯುಲಿನ್ ಎಂಬ ಚುಚ್ಚುಮದ್ದು ಅಥವಾ ರಕ್ತದ ಪ್ಲಾಸ್ಮಾ ಬದಲಿಸುವ ಚಿಕಿತ್ಸೆ ಇದೆ. ಬೇಗ ಕೊಟ್ಟಷ್ಟೂ ಫಲ ಹೆಚ್ಚು. ಚಿಕಿತ್ಸೆ ಸಿಕ್ಕಿದವರಲ್ಲಿ ಬಹುಪಾಲು ಮಂದಿ ಕೆಲವು ತಿಂಗಳುಗಳಲ್ಲಿ ಮತ್ತೆ ನಡೆಯುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವಿದೆ. ನಾವು ಚಿಕೂನ್‌ಗುನ್ಯಾ ಎಂದುಕೊಂಡದ್ದು ಬೇರೆಯೇ ಆಗಿರಬಹುದು. ಬ್ಯಾಕ್ಟೀರಿಯಾದಿಂದ ಬರುವ ಮೆನಿಂಜೈಟಿಸ್, ಮಿದುಳಿಗೇರಿದ ಮಲೇರಿಯಾ, ರಕ್ತದಲ್ಲಿ ಸಕ್ಕರೆ ಇಳಿಯುವುದು, ಇವುಗಳ ಲಕ್ಷಣವೂ ಹೀಗೆಯೇ. ಇವಕ್ಕೆ ಔಷಧಿ ಇದೆ. ತಡವಾದರೆ ಮಾತ್ರ ಔಷಧಿಯೂ ಕೈಕೊಡುತ್ತದೆ.

ಆಸ್ಪತ್ರೆಯಲ್ಲಿ ವೈದ್ಯರು ಬೆನ್ನಿನಿಂದ ನೀರು ತೆಗೆಯಬೇಕೆಂದಾಗ ಮನೆಯವರು ಬೆಚ್ಚುತ್ತಾರೆ. "ಬೆನ್ನಿಗೆ ಸೂಜಿ ಹಾಕಿದರೆ ಸೊಂಟವೇ ಹೋಗುತ್ತದೆ" ಎಂದು ಯಾರೋ ಹೇಳಿರುತ್ತಾರೆ. ಕೆಲವರು ರೋಗಿಯನ್ನು ಎಬ್ಬಿಸಿಕೊಂಡು ಮನೆಗೆ ಹೊರಡುವುದೂ ಉಂಟು. ತಿಳಿದಿರಲಿ, ಆ ಸೂಜಿಯನ್ನು ಬೆನ್ನುಹುರಿ ಮುಗಿದ ಕೆಳಗಿನ ಜಾಗದಲ್ಲಿ ಹಾಕುತ್ತಾರೆ. ಕೆಲವರಿಗೆ ಒಂದೆರಡು ದಿನ ತಲೆನೋವು ಬರಬಹುದು. ಆದರೆ ಮೆನಿಂಜೈಟಿಸ್ ಹೌದೋ ಅಲ್ಲವೋ ಎಂದು ಹೇಳುವುದು ಆ ನಾಲ್ಕು ಹನಿ ನೀರೇ.

ಚಿಂಚೋಳಿಯ ಕೊಂಚಾವರಂ ಕಡೆಯ ತಾಂಡಾಗಳಿಂದ ಕಲಬುರಗಿಗೆ ಬರುವುದೆಂದರೆ ದೊಡ್ಡ ಪ್ರಯಾಣ. ವಾಡಿ, ಶಹಾಬಾದದವರಿಗೆ ರೈಲಿದೆ, ಆದರೆ ಕಾಯಿಲೆ ರೈಲಿನ ವೇಳೆ ನೋಡಿ ಬರುವುದಿಲ್ಲ. ಆದ್ದರಿಂದ 108ಕ್ಕೆ ಕರೆ ಮಾಡಿ, ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ಮೊದಲ ಉಪಚಾರ ಪಡೆದು, ಅಲ್ಲಿಂದ ಜಿಲ್ಲಾ ಕೇಂದ್ರದ ದೊಡ್ಡ ಆಸ್ಪತ್ರೆಗೆ ಹೋಗುವುದು ಒಳ್ಳೆಯದು. ಹೊರಡುವಾಗ ರೇಷನ್ ಕಾರ್ಡು, ಆಧಾರ್ ಕಾರ್ಡು, ಅದುವರೆಗೆ ನುಂಗಿದ ಮಾತ್ರೆಗಳ ಚೀಟಿ ಕೈಯಲ್ಲಿರಲಿ. ಮಾತ್ರೆ ಎಂದಾಗ ಇನ್ನೊಂದು ಮಾತು. ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗಬಾರದು, ರಕ್ತಸ್ರಾವದ ಅಪಾಯವಿದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು.

ಗಾಳಿ, ಜಿನ್ನ್, ತಾಯಿತ

ಮದರಸದಲ್ಲಿ ಕಲಿತು ಅಲ್ಲಿಯೇ ಕಲಿಸುವವರ ಬಳಿ ಜನರು ಇಂಥ ಹೊತ್ತಿನಲ್ಲಿ ಬರುತ್ತಾರೆ. "ಹಜರತ್, ಜ್ವರ ಬಿಟ್ಟಿದೆ, ಆದರೆ ಹುಡುಗಿ ಯಾರದೋ ದನಿಯಲ್ಲಿ ಮಾತನಾಡುತ್ತಿದ್ದಾಳೆ, ಸ್ವಲ್ಪ ಓದಿ ಊದಿ" ಎನ್ನುತ್ತಾರೆ. ತಾಯಿಯ ಕಂಗಾಲು ಮುಖ ಕಂಡಾಗ ಓದದೆ ಇರಲಾಗದು. ಆದರೆ ಓದಿ ಮುಗಿಸಿ ಮನೆಗೆ ಕಳಿಸುವುದು ಆ ತಾಯಿಗೆ ಮಾಡುವ ಉಪಕಾರವಲ್ಲ. ಕಾಯಿಲೆಗೆ ಚಿಕಿತ್ಸೆ ಮಾಡಿಕೊಳ್ಳಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ದುಆ ಮತ್ತು ದವಾ ಒಂದಕ್ಕೊಂದು ಎದುರಾಳಿಗಳಲ್ಲ. ದುಆವನ್ನು ಆಂಬುಲೆನ್ಸಿನಲ್ಲಿ ಕುಳಿತೂ ಮಾಡಬಹುದು. ಜ್ವರ ಬಂದ ಹದಿನೈದು ದಿನಗಳಲ್ಲಿ ಮಾತು ತಪ್ಪಿದ, ಫಿಟ್ಸ್ ಬಂದ, ಕಾಲು ಬಿದ್ದ ಯಾರೇ ಆಗಲಿ, ಓದಿ ಊದುವವರು ಮೊದಲು ಕೇಳಬೇಕಾದ ಪ್ರಶ್ನೆ, "ಡಾಕ್ಟರಿಗೆ ತೋರಿಸಿದಿರಾ?" ನಮ್ಮ ಮಸೀದಿಗಳ ಇಮಾಮರು ಇಷ್ಟನ್ನು ರೂಢಿ ಮಾಡಿಕೊಂಡರೆ ಎಷ್ಟೋ ಮನೆಗಳಿಗೆ ಉಪಕಾರವಾದೀತು.

ಬ್ಯಾರಲ್‌ಗೂ ಒಂದು ಸ್ನಾನ

ಜ್ವರವೇ ಬಾರದಿದ್ದರೆ ನರದ ತೊಂದರೆಯ ಮಾತೇ ಇಲ್ಲ. ನಮ್ಮ ದೇಶದ ಲಸಿಕಾ ಕಾರ್ಯಕ್ರಮದಲ್ಲಿ ಚಿಕೂನ್‌ಗುನ್ಯಾಕ್ಕೆ ಲಸಿಕೆ ಇಲ್ಲ. ಉಳಿದಿರುವುದು ಸೊಳ್ಳೆಯನ್ನು ತಡೆಯುವ ದಾರಿ.

ಚಿಕೂನ್‌ಗುನ್ಯಾ ಮತ್ತು ಡೆಂಗಿ ಹರಡುವ ಈಡಿಸ್ ಸೊಳ್ಳೆ ಗಟಾರದ ಕೊಳಚೆಗಿಂತ ಮನೆಯ ಶುದ್ಧ ನೀರನ್ನೇ ಹೆಚ್ಚು ಇಷ್ಟಪಡುತ್ತದೆ. ನಮ್ಮ ಊರುಗಳಲ್ಲಿ ನಳದ ನೀರು ದಿನವೂ ಬರುವುದಿಲ್ಲ. ಬಂದಾಗ ಬ್ಯಾರಲ್, ಕೊಡ, ಶಹಾಬಾದಿ ಪರಸಿಯಿಂದ ಕಟ್ಟಿದ ಟಾಕಿ ಎಲ್ಲವನ್ನೂ ತುಂಬಿಟ್ಟುಕೊಳ್ಳುತ್ತೇವೆ. ಬೇಸಿಗೆಯಲ್ಲಿ ಕೂಲರ್ ನೀರು, ಮಳೆಗಾಲದಲ್ಲಿ ಮಾಳಿಗೆ ಮೇಲಿನ ಹಳೆಯ ಟಯರು, ಒಡೆದ ಮಡಕೆ. ಸೊಳ್ಳೆಗೆ ಇನ್ನೇನು ಬೇಕು? ನೀರು ಕೂಡಿಡುವುದು ಬಡವರ ತಪ್ಪಲ್ಲ, ಅನಿವಾರ್ಯ. ನಳದಲ್ಲಿ ದಿನವೂ ನೀರು ಬರುವಂತೆ ಪುರಸಭೆಯನ್ನು, ಪಂಚಾಯತನ್ನು ಕೇಳುವುದೂ ರೋಗ ತಡೆಯುವ ಕೆಲಸವೇ. ಅದುವರೆಗೆ ನಮ್ಮ ಕೈಲಿರುವುದನ್ನು ಮಾಡೋಣ.

ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗಲು ವಾರದಿಂದ ಹತ್ತು ದಿನ ಬೇಕು. ಅಷ್ಟರೊಳಗೆ ನೀರು ಚೆಲ್ಲಿದರೆ ಅದರ ಸಂತಾನ ಅಲ್ಲಿಗೆ ಮುಗಿಯಿತು. ಆದರೆ ಬರೀ ಚೆಲ್ಲಿದರೆ ಸಾಲದು. ಮೊಟ್ಟೆ ನೀರಿನ ಅಂಚಿನಲ್ಲಿ ಗೋಡೆಗೆ ಅಂಟಿಕೊಂಡಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಒಳಗಿನ ಗೋಡೆಯನ್ನು ಗಟ್ಟಿಯಾಗಿ ಉಜ್ಜಿ ತೊಳೆಯಬೇಕು. ಜುಮಾದ ದಿನ ಮನೆಮಂದಿಯೆಲ್ಲ ಸ್ನಾನ ಮಾಡಿ ಬಟ್ಟೆ ಬದಲಿಸುತ್ತೇವೆ. ಅದೇ ಬೆಳಿಗ್ಗೆ ಬ್ಯಾರಲ್‌ಗೂ, ಕೂಲರ್‌ಗೂ ಒಂದು ಸ್ನಾನ ಮಾಡಿಸೋಣ. ತುಂಬಿದ ಮೇಲೆ ಬಿಗಿಯಾಗಿ ಬಟ್ಟೆ ಕಟ್ಟಿ ಮುಚ್ಚೋಣ. ಪಾತ್ರೆಗಳನ್ನು ಮುಚ್ಚಿಡಬೇಕೆಂಬ ಪ್ರವಾದಿ ಶಿಕ್ಷಣ ನಮ್ಮ ಮನೆಗಳಿಗೆ ಹೊಸದೇನಲ್ಲ. ಬರಿದು ಮಾಡಲಾಗದ ದೊಡ್ಡ ಟಾಕಿಗೆ, ಮಸೀದಿಯ ಹೌಜಿಗೆ ಗಪ್ಪಿ ಮೀನು ಬಿಡಬಹುದು. ಅವು ಸೊಳ್ಳೆಮರಿಗಳನ್ನು ತಿನ್ನುತ್ತವೆ. ಆಶಾ ಕಾರ್ಯಕರ್ತೆ ನೀರು ನೋಡಲು ಬಂದರೆ ಬಾಗಿಲಲ್ಲೇ ನಿಲ್ಲಿಸಬೇಡಿ. ಹೊಗೆ ಯಂತ್ರ ಹಾರುವ ಸೊಳ್ಳೆಯನ್ನು ಮಾತ್ರ ಕೊಲ್ಲುತ್ತದೆ, ನಿಮ್ಮ ಬ್ಯಾರಲಿನೊಳಗಿನದನ್ನಲ್ಲ.

ಈ ಸೊಳ್ಳೆ ಹಗಲು ಕಚ್ಚುತ್ತದೆ. ಹೆಚ್ಚಾಗಿ ಬೆಳಗಿನ ಹೊತ್ತು ಮತ್ತು ಸಂಜೆ ಸೂರ್ಯ ಮುಳುಗುವ ಮುಂಚೆ. ಫಜ್ರ್ ನಂತರ ಮತ್ತು ಅಸರ್ ನಂತರ ನಮ್ಮ ಮಕ್ಕಳು ಮಕ್ತಬ್‌ನಲ್ಲಿ ಕುಳಿತಿರುವುದು ಇದೇ ವೇಳೆಯಲ್ಲಿ. ಆದ್ದರಿಂದ ಮನೆಯಷ್ಟೇ ಮಕ್ತಬ್ ಮತ್ತು ಶಾಲೆಯ ನೀರಿನ ಟಾಕಿಯನ್ನೂ ನೋಡಬೇಕು. ಮಕ್ಕಳಿಗೆ ಮೈತುಂಬ ಬಟ್ಟೆ ಹಾಕಬೇಕು. ಹಗಲು ಮಲಗುವ ಕೂಸಿಗೆ, ಬಾಣಂತಿಗೆ, ಮುದುಕರಿಗೆ ಹಗಲಿನಲ್ಲಿಯೂ ಸೊಳ್ಳೆಪರದೆ ಕಟ್ಟಬೇಕು.

ಮಿದುಳು ಜ್ವರ ತರುವ ಇನ್ನೊಂದು ವೈರಸ್ ಜಪಾನೀಸ್ ಎನ್ಸೆಫಲೈಟಿಸ್. ಅದು ಗದ್ದೆ ನೀರಿನಲ್ಲಿ ಬೆಳೆಯುವ ಕ್ಯುಲೆಕ್ಸ್ ಸೊಳ್ಳೆಯಿಂದ ಬರುತ್ತದೆ. ಅದಕ್ಕೆ ಲಸಿಕೆ ಇದೆ. 2022ರ ಡಿಸೆಂಬರ್‌ನಲ್ಲಿ 1ರಿಂದ 15 ವರ್ಷದ ಮಕ್ಕಳಿಗಾಗಿ ರಾಜ್ಯದ ಹತ್ತು ಜಿಲ್ಲೆಗಳಲ್ಲಿ ನಡೆದ ಲಸಿಕಾ ಅಭಿಯಾನದಲ್ಲಿ ಕಲಬುರಗಿಯೂ ಸೇರಿತ್ತು. ನಿಮ್ಮ ಮಗುವಿನ ತಾಯಿ ಕಾರ್ಡು ತೆಗೆದು ನೋಡಿ, ಆ ಲಸಿಕೆ ಆಗಿಲ್ಲದಿದ್ದರೆ ಅಂಗನವಾಡಿಯಲ್ಲಿ ವಿಚಾರಿಸಿ.

ಗುಣವಾಗಿ ಬಂದ ಮಗು

ಕೊನೆಗೆ, ಶಿಕ್ಷಕರಿಗೂ ಉಸ್ತಾದರಿಗೂ ಒಂದು ಮಾತು. ಮಿದುಳು ಜ್ವರದಿಂದ ಉಳಿದ ಮಗು ಶಾಲೆಗೆ ಮರಳಿದಾಗ ನೋಡಲು ಮೊದಲಿನಂತೆಯೇ ಇರುತ್ತದೆ. ಆದರೆ ಬಾಯಿಪಾಠವಿದ್ದ ಸೂರಾ ಮರೆತಿರಬಹುದು, ಕೈ ಬರಹ ಕೆಟ್ಟಿರಬಹುದು, ಸಣ್ಣ ವಿಷಯಕ್ಕೆ ಸಿಟ್ಟಾಗಬಹುದು. ರಿಯೂನಿಯನ್ ದ್ವೀಪದಲ್ಲಿ ಮಿದುಳು ಜ್ವರ ಬಂದ ಮಕ್ಕಳಲ್ಲಿ ಮೂರರಲ್ಲೊಂದು ಪಾಲು ಅಥವಾ ಇನ್ನೂ ಹೆಚ್ಚು ಮಕ್ಕಳಿಗೆ ಇಂಥ ಕೊರತೆ ಉಳಿದಿತ್ತು. ಅದು ಸೋಮಾರಿತನವಲ್ಲ, ಹಟವೂ ಅಲ್ಲ. ಅದಕ್ಕೆ ಬೆತ್ತ ಮದ್ದಲ್ಲ. ಪಾಠ ಸ್ವಲ್ಪವೇ ಕೊಡಿ, ಸಮಯ ಹೆಚ್ಚು ಕೊಡಿ, ಮುಂದಿನ ಸಾಲಿನಲ್ಲಿ ಕೂರಿಸಿ. ತಂದೆತಾಯಿಯರು ಫಿಟ್ಸಿನ ಮಾತ್ರೆಯನ್ನು ವೈದ್ಯರು ಹೇಳದೆ ನಿಲ್ಲಿಸಬಾರದು. ಕಾಲು ಬಿದ್ದವರಿಗೆ ವ್ಯಾಯಾಮ ಚಿಕಿತ್ಸೆ ತಿಂಗಳುಗಟ್ಟಲೆ ಬೇಕು. ಹೆಣ್ಣುಮಗುವಾದರೆ "ಊರಿಗೆ ಗೊತ್ತಾದರೆ ಸಂಬಂಧ ಬರುವುದಿಲ್ಲ" ಎಂದು ಕಾಯಿಲೆಯನ್ನೇ ಮುಚ್ಚಿಡುವವರಿದ್ದಾರೆ. ಮುಚ್ಚಿಡಬೇಕಾದದ್ದು ನೀರಿನ ಬ್ಯಾರಲನ್ನು, ಮಗುವಿನ ಕಾಯಿಲೆಯನ್ನಲ್ಲ.

ಈ ಪುಟವನ್ನು ಓದಿದ ಸಹೋದರಿಯರು ಮನೆಯ ಹಿರಿಯರಿಗೆ, ನೆರೆಮನೆಯವರಿಗೆ ಒಂದು ವಾಕ್ಯವನ್ನಾದರೂ ಹೇಳಿ: ಜ್ವರ ಇಳಿದ ಮೇಲೂ ಎರಡು ಮೂರು ವಾರ ರೋಗಿಯ ಮಾತು, ನಿದ್ದೆ, ನಡಿಗೆ ಗಮನಿಸುತ್ತಿರಿ. ವ್ಯತ್ಯಾಸ ಕಂಡರೆ ಅಂದೇ ಆಸ್ಪತ್ರೆಗೆ ಹೊರಡಿ. ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ಕರುಣಿಸಲಿ.